ಬಯಲಿನಲ್ಲಿ ಬೆಂಕಿ ಹಾಕುವುದು: ಕರ್ನಾಟಕದಲ್ಲಿ ಅನ್ವಯವಾಗುವ ನಿಯಮಗಳ ಬಗ್ಗೆ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಮಳೆಗಾಲ ಮುಗಿದು ಪೈರು ಕಟಾವಾದ ಮೇಲೆ, ಅಂದರೆ ಸಾಮಾನ್ಯವಾಗಿ ಡಿಸೆಂಬರ್ ತಿಂಗಳಿನಿಂದ ಮೇ ತಿಂಗಳವರೆಗೆ, ರಾಜ್ಯದ ಬಹುಭಾಗದಲ್ಲಿ ನೆಲವೆಲ್ಲ ಒಣಗಿ ಬೆಂಕಿಗೆ ಸಿದ್ಧವಾಗಿರುತ್ತದೆ. ಬೀದಿಬದಿಯ ತರಗೆಲೆ, ಖಾಲಿ ನಿವೇಶನದ ಕಸ, ಕಬ್ಬಿನ ರವದಿ, ಹೊಲದ ಬದುವಿನ ಒಣಹುಲ್ಲು, ಅಡಿಕೆ ಸಿಪ್ಪೆ ಇವುಗಳಿಗೆ ಬೆಂಕಿ ಹಚ್ಚುವ ರೂಢಿಯೂ ಇದೇ ತಿಂಗಳುಗಳಲ್ಲಿ ಹೆಚ್ಚು. ಇವುಗಳಲ್ಲಿ ಯಾವುದು ಪೂರ್ಣವಾಗಿ ನಿಷಿದ್ಧ, ಯಾವುದು ಸಂದರ್ಭಾನುಸಾರ ಅಪರಾಧವಾಗುತ್ತದೆ, ಬೆಂಕಿ ಕೈಮೀರಿದರೆ ಹೊಣೆ ಯಾರದು ಎಂಬ ವಿಷಯಗಳಲ್ಲಿ ಸಾರ್ವಜನಿಕರಲ್ಲಿ ಸಾಕಷ್ಟು ಗೊಂದಲವಿರುವುದರಿಂದ ಈ ಮಾಹಿತಿಯನ್ನು ಒದಗಿಸಲಾಗಿದೆ.

ಬಯಲಿನಲ್ಲಿ ಸುಡಲು ಮುಂಚಿತವಾಗಿ ಪರವಾನಗಿ ನೀಡುವ ಒಂದೇ ಕಚೇರಿಯಾಗಲಿ, ಇದಕ್ಕೆಂದೇ ಇರುವ ಒಂದೇ ಕಾಯಿದೆಯಾಗಲಿ ಕರ್ನಾಟಕದಲ್ಲಿ ಇಲ್ಲ. ನಗರದ ಕಸಕ್ಕೆ ಒಂದು ನಿಯಮ, ಹೊಗೆಗೆ ಇನ್ನೊಂದು, ಕಾಡಿನಂಚಿಗೆ ಮತ್ತೊಂದು, ಪ್ರಾಣಹಾನಿಯ ಸಂಭವಕ್ಕೆ ಬೇರೊಂದು ಎಂಬಂತೆ ಹಲವು ಕಾನೂನುಗಳಲ್ಲಿ ಈ ವಿಷಯ ಹಂಚಿಹೋಗಿದೆ. ಆದ್ದರಿಂದ ಬೆಂಕಿ ಹಚ್ಚುವ ಮೊದಲು ಮೂರು ಸಂಗತಿಗಳನ್ನು ನೋಡಿಕೊಳ್ಳುವುದು ಅಗತ್ಯ: ಸುಡುತ್ತಿರುವ ವಸ್ತು ಯಾವುದು, ಸುಡುವ ಜಾಗದ ಪಕ್ಕದಲ್ಲಿ ಏನಿದೆ, ಅದರ ಹೊಗೆ ಮತ್ತು ಕಿಡಿ ಯಾರನ್ನು ಮುಟ್ಟುತ್ತದೆ. ‘ನಮ್ಮ ಸ್ವಂತ ಜಾಗ, ನಮ್ಮದೇ ಕಸ’ ಎಂಬ ಸಮಾಧಾನವನ್ನು ಈ ಕಾನೂನುಗಳಲ್ಲಿ ಯಾವುದೂ ಪೂರ್ಣ ರಕ್ಷಣೆಯೆಂದು ಒಪ್ಪುವುದಿಲ್ಲ.

2019ರ ಫೆಬ್ರವರಿಯ ಒಂದು ವಾರ

ಒಣಹುಲ್ಲಿನ ಬೆಂಕಿ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 2019ರ ಫೆಬ್ರವರಿ ತಿಂಗಳ ಕೊನೆಯ ಭಾಗ ಸಾಕ್ಷಿ. ಆ ತಿಂಗಳ 21ರ ಸುಮಾರಿಗೆ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಕಾಣಿಸಿಕೊಂಡ ಕಾಡ್ಗಿಚ್ಚು ಗೋಪಾಲಸ್ವಾಮಿ ಬೆಟ್ಟದ ಇಳಿಜಾರುಗಳನ್ನೂ ಒಳಗೊಂಡು ಸುಮಾರು ಐದು ದಿನ ಉರಿಯಿತು. ಇಲಾಖೆಯ ಸಿಬ್ಬಂದಿ, ಸುತ್ತಲಿನ ಗ್ರಾಮಸ್ಥರು ಮತ್ತು ಸ್ವಯಂಸೇವಕರ ಜೊತೆಗೆ ಕೊನೆಯಲ್ಲಿ ಭಾರತೀಯ ವಾಯುಪಡೆಯ ಹೆಲಿಕಾಪ್ಟರ್‌ಗಳೂ ನೀರು ಸುರಿಯಬೇಕಾಯಿತು. ಉಪಗ್ರಹ ಚಿತ್ರಗಳ ಆಧಾರದ ಮೇಲೆ ಸುಟ್ಟ ಪ್ರದೇಶವನ್ನು ಸುಮಾರು 4,400 ಹೆಕ್ಟೇರ್ ಎಂದು ಅಂದಾಜಿಸಲಾಯಿತು.

ಅದೇ ವಾರ, ಫೆಬ್ರವರಿ 23ರಂದು, ಬೆಂಗಳೂರಿನ ಯಲಹಂಕದಲ್ಲಿ ನಡೆಯುತ್ತಿದ್ದ ಏರೋ ಇಂಡಿಯಾ ವೈಮಾನಿಕ ಪ್ರದರ್ಶನದ ವಾಹನ ನಿಲುಗಡೆ ಮೈದಾನದಲ್ಲಿ ಒಣಹುಲ್ಲಿಗೆ ಬೆಂಕಿ ತಗುಲಿ, ಗಾಳಿಯ ಬಲದಿಂದ ಕಾರಿನಿಂದ ಕಾರಿಗೆ ದಾಟಿ, ಸುಮಾರು 300 ಕಾರುಗಳು ಸುಟ್ಟುಹೋದವು. ಅಲ್ಲಿ ಅಗ್ನಿಶಾಮಕ ವಾಹನಗಳು ಸನಿಹದಲ್ಲೇ ಇದ್ದವು ಎಂಬುದನ್ನು ಗಮನಿಸಬೇಕು. ಮೊಣಕಾಲೆತ್ತರದ ಹುಲ್ಲು, ಮಧ್ಯಾಹ್ನದ ಬಿಸಿಲು, ಬೀಸುಗಾಳಿ ಇಷ್ಟು ಕೂಡಿದಾಗ ಕಿಡಿ ಎಲ್ಲಿಂದ ಬಂತು ಎಂದು ಹುಡುಕುವಷ್ಟರಲ್ಲಿ ನಷ್ಟ ಮುಗಿದಿರುತ್ತದೆ.

ಇಂತಹ ಬೆಂಕಿಯ ಬೆಲೆಯನ್ನು ಅನೇಕ ಸಲ ತೆರುವವರು ಅದನ್ನು ಹಚ್ಚಿದವರಲ್ಲ, ನಂದಿಸಲು ಹೋದವರು. 2017ರ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ನಂದಿಸುತ್ತಿದ್ದ ಅರಣ್ಯ ರಕ್ಷಕರೊಬ್ಬರು ಪ್ರಾಣ ಕಳೆದುಕೊಂಡರು. 2023ರ ಫೆಬ್ರವರಿಯಲ್ಲಿ ಹಾಸನ ಜಿಲ್ಲೆಯ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಭಾಗದ ಬೆಂಕಿಯಲ್ಲಿ ಮತ್ತೊಬ್ಬ ಅರಣ್ಯ ರಕ್ಷಕರು ಸುಟ್ಟಗಾಯಗಳಿಂದ ಮೃತಪಟ್ಟರು.

ನಗರ ಪ್ರದೇಶ: ಕಸ ಮತ್ತು ತರಗೆಲೆ

ನಗರಗಳಲ್ಲಿ ಕಸ ಸುಡುವುದು ಇತ್ತೀಚೆಗೆ ಬಂದ ನಿಷೇಧವೆಂದು ಅನೇಕರು ತಿಳಿದಿದ್ದಾರೆ. ವಾಸ್ತವದಲ್ಲಿ ಕೇಂದ್ರ ಸರ್ಕಾರವು 2000ನೇ ಸಾಲಿನಲ್ಲಿ ಹೊರಡಿಸಿದ ಪುರಸಭಾ ಘನತ್ಯಾಜ್ಯ ನಿಯಮಗಳಲ್ಲಿಯೇ ಕಸವನ್ನೂ ಒಣ ಎಲೆಗಳನ್ನೂ ಸುಡತಕ್ಕದ್ದಲ್ಲವೆಂದು ಹೇಳಲಾಗಿತ್ತು. ಒಣ ಎಲೆಯನ್ನು ಪ್ರತ್ಯೇಕವಾಗಿ ಹೆಸರಿಸಿದ್ದು ಉದ್ದೇಶಪೂರ್ವಕ. ಎಲೆ ನಿರಪಾಯಕಾರಿ, ಪ್ಲಾಸ್ಟಿಕ್ ಮಾತ್ರ ಅಪಾಯಕಾರಿ ಎಂಬ ತಿಳಿವಳಿಕೆ ಆಗಲೂ ಇತ್ತು, ಈಗಲೂ ಇದೆ.

ಆ ನಿಯಮಗಳ ಸ್ಥಾನದಲ್ಲಿ ಬಂದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹೊಣೆಯನ್ನು ಕಸ ಉತ್ಪಾದಿಸುವ ಪ್ರತಿಯೊಬ್ಬರ ಮೇಲೂ ಹೊರಿಸಿದವು. ತನ್ನ ಕಸವನ್ನು ಬೀದಿಯಲ್ಲಾಗಲಿ, ಸಾರ್ವಜನಿಕ ಬಯಲಿನಲ್ಲಾಗಲಿ, ಚರಂಡಿ ಅಥವಾ ಕೆರೆಯಲ್ಲಾಗಲಿ ಯಾರೂ ಎಸೆಯತಕ್ಕದ್ದಲ್ಲ, ಸುಡತಕ್ಕದ್ದಲ್ಲ, ಹೂಳತಕ್ಕದ್ದಲ್ಲ ಎಂದು ವಿಧಿಸಲಾಯಿತು. ಮನೆಯಂಗಳದ ಮತ್ತು ತೋಟದ ಕಸವನ್ನು ಬೇರೆಯಾಗಿ ತಮ್ಮ ಆವರಣದಲ್ಲಿಯೇ ಇರಿಸಿಕೊಂಡು ಸ್ಥಳೀಯ ಸಂಸ್ಥೆಯ ಸೂಚನೆಯಂತೆ ವಿಲೇ ಮಾಡಬೇಕೆಂದೂ, ಬೀದಿ ಗುಡಿಸುವವರು ಎಲೆ ಸುಡದಂತೆ ಸ್ಥಳೀಯ ಸಂಸ್ಥೆಗಳೇ ನಿರ್ದೇಶನ ನೀಡಬೇಕೆಂದೂ ಅದರಲ್ಲಿ ಇತ್ತು. ಘನತ್ಯಾಜ್ಯ ನಿಯಮಗಳನ್ನು ಕೇಂದ್ರ ಸರ್ಕಾರ ಕಾಲಕಾಲಕ್ಕೆ ಪರಿಷ್ಕರಿಸುತ್ತ ಬಂದಿದೆ. ಆದರೆ ಕಸ ಸುಡಬಾರದೆಂಬ ಮೂಲ ನಿಷೇಧ ಯಾವ ಪರಿಷ್ಕರಣೆಯಲ್ಲಿಯೂ ಸಡಿಲವಾಗಿಲ್ಲ.

ದಂಡದ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2016ರ ಡಿಸೆಂಬರ್ 22ರಂದು ನೀಡಿದ ಆದೇಶ ಮುಖ್ಯವಾದುದು. ದೇಶದಾದ್ಯಂತ ಬಯಲಿನಲ್ಲಿ ಕಸ ಸುಡುವುದನ್ನು ನಿಷೇಧಿಸಿದ ಆ ಆದೇಶವು ಸಾಮಾನ್ಯ ಪ್ರಕರಣದಲ್ಲಿ 5,000 ರೂಪಾಯಿ, ದೊಡ್ಡ ಪ್ರಮಾಣದ ಕಸ ಸುಟ್ಟಲ್ಲಿ 25,000 ರೂಪಾಯಿ ಪರಿಸರ ಪರಿಹಾರವನ್ನು ವಿಧಿಸಿತು. ಇದಲ್ಲದೆ ಆಯಾ ನಗರ ಸ್ಥಳೀಯ ಸಂಸ್ಥೆಯ ಉಪವಿಧಿಗಳಂತೆ ಸ್ಥಳದಲ್ಲಿಯೇ ದಂಡ ವಿಧಿಸಲು ಅವಕಾಶವಿದ್ದು, ಅದರ ಮೊತ್ತ ಊರಿನಿಂದ ಊರಿಗೆ ವ್ಯತ್ಯಾಸವಾಗುತ್ತದೆ. ಬೆಂಗಳೂರಿನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರ ಅಡಿಯಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ನಿವಾಸಿಗಳು ತಮ್ಮ ಪಾಲಿಕೆ ಯಾವುದೆಂದು ತಿಳಿದುಕೊಂಡು ದೂರು ಸಲ್ಲಿಸುವುದು ಸೂಕ್ತ.

ವಾಯು (ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ) ಅಧಿನಿಯಮ, 1981ರ 19ನೇ ಪ್ರಕರಣದಂತೆ, ವಾಯುಮಾಲಿನ್ಯ ನಿಯಂತ್ರಣ ಪ್ರದೇಶವೆಂದು ಘೋಷಿಸಲಾದ ಸ್ಥಳದಲ್ಲಿ ಇಂಧನವಲ್ಲದ ಯಾವುದೇ ವಸ್ತುವನ್ನು ಸುಡುವುದನ್ನು ರಾಜ್ಯ ಸರ್ಕಾರವು ಮಾಲಿನ್ಯ ನಿಯಂತ್ರಣ ಮಂಡಳಿಯೊಡನೆ ಸಮಾಲೋಚಿಸಿ ಅಧಿಸೂಚನೆಯ ಮೂಲಕ ನಿಷೇಧಿಸಬಹುದಾಗಿದೆ. ಟೈರ್, ವಿದ್ಯುತ್ ತಂತಿ, ಬ್ಯಾಟರಿ, ಆಸ್ಪತ್ರೆಯ ತ್ಯಾಜ್ಯ ಇವುಗಳಿಗೆ ಪ್ರತ್ಯೇಕ ನಿಯಮಗಳೇ ಇದ್ದು, ತಾಮ್ರ ತೆಗೆಯಲು ತಂತಿಯ ಹೊದಿಕೆ ಸುಡುವುದು ಸೇರಿದಂತೆ ಇವುಗಳನ್ನು ಎಲ್ಲಿಯೂ, ಯಾವ ಕಾರಣಕ್ಕೂ ಬಯಲಿನಲ್ಲಿ ಸುಡುವಂತಿಲ್ಲ.

ಎಲೆಯ ಹೊಗೆ ಏಕೆ ಹಾನಿಕರ ಎಂಬುದನ್ನು ಇಲ್ಲಿ ವಿವರಿಸುವುದು ಅಗತ್ಯ. ಒಲೆಯಲ್ಲಿ ಉರಿಯುವ ಒಣ ಸೌದೆಗೆ ಗಾಳಿ ಸಾಕಷ್ಟು ಸಿಗುತ್ತದೆ. ಗುಡ್ಡೆ ಹಾಕಿದ ಎಲೆಗೆ ಸಿಗುವುದಿಲ್ಲ. ಒಳಗಿನ ಪದರಗಳು ತೇವದಿಂದ ಕೂಡಿದ್ದು, ಜ್ವಾಲೆಯಿಲ್ಲದೆ ಗಂಟೆಗಟ್ಟಲೆ ಹೊಗೆಯಾಡುತ್ತವೆ. ಈ ಅರೆಬೆಂದ ಹೊಗೆಯಲ್ಲಿ ಇಂಗಾಲದ ಮೊನಾಕ್ಸೈಡ್ ಮತ್ತು ಶ್ವಾಸಕೋಶದ ಆಳಕ್ಕೆ ಇಳಿಯುವ ಸೂಕ್ಷ್ಮ ಕಣಗಳು ಹೆಚ್ಚು. ನಮ್ಮ ದೇಶದ 2009ರ ವಾಯು ಗುಣಮಟ್ಟದ ಮಾನದಂಡದ ಪ್ರಕಾರ 2.5 ಮೈಕ್ರಾನ್‌ಗಿಂತ ಚಿಕ್ಕದಾದ ಇಂತಹ ಕಣಗಳು 24 ಗಂಟೆಗಳ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 60 ಮೈಕ್ರೋಗ್ರಾಂ ಮೀರಬಾರದು. ಚಳಿಗಾಲದ ಮುಂಜಾನೆ ತಂಪಾದ ಗಾಳಿ ನೆಲಕ್ಕೆ ಅಂಟಿಕೊಂಡಿರುವಾಗ ಎಬ್ಬಿಸಿದ ಹೊಗೆ ಮೇಲೇರದೆ ಅದೇ ಬೀದಿಯ ಮನೆಗಳೊಳಗೆ ನುಗ್ಗುತ್ತದೆ. ಬೀದಿ ಗುಡಿಸುವ ಕೆಲಸವೂ ಮುಂಜಾನೆಯದೇ ಆದ್ದರಿಂದ ಈ ಹೊಗೆಯನ್ನು ಮೊದಲು ಸೇವಿಸುವವರು ಪೌರಕಾರ್ಮಿಕರು. ಉಬ್ಬಸವಿರುವ ಮಕ್ಕಳು ಮತ್ತು ವೃದ್ಧರು ನಂತರದವರು. ಎಲೆಯ ರಾಶಿಯಲ್ಲಿ ಪ್ಲಾಸ್ಟಿಕ್ ಚೀಲ, ಪೈಪಿನ ತುಂಡು ಸೇರಿಕೊಂಡಿದ್ದರೆ (ನಗರದ ಎಲೆರಾಶಿಯಲ್ಲಿ ಅವು ಇಲ್ಲದಿರುವುದೇ ಅಪರೂಪ) ಕಡಿಮೆ ಶಾಖದಲ್ಲಿ ಉರಿದು ಡಯಾಕ್ಸಿನ್‌ನಂತಹ ದೀರ್ಘಕಾಲ ಉಳಿಯುವ ವಿಷಗಳೂ ಉಂಟಾಗುತ್ತವೆ.

ರಾತ್ರಿ ಕಾವಲುಗಾರರು ಚಳಿ ಕಾಯಿಸಿಕೊಳ್ಳಲು ಕಸ, ರಟ್ಟು, ಟೈರ್ ಚೂರುಗಳನ್ನು ಸುಡುವುದು ಸಾಮಾನ್ಯ ದೃಶ್ಯ. ಇವರ ಮೇಲೆ ದಂಡ ವಿಧಿಸುವುದರಿಂದ ಸಮಸ್ಯೆ ಬಗೆಹರಿಯುವುದಿಲ್ಲ. ಕಾವಲುಗಾರರನ್ನು ನೇಮಿಸಿಕೊಂಡ ಕಟ್ಟಡದ ಮಾಲೀಕರು ಮತ್ತು ನಿವಾಸಿಗಳ ಸಂಘಗಳು ಅವರಿಗೆ ಬೆಚ್ಚನೆಯ ಉಡುಪು ಮತ್ತು ಗಾಳಿ ತಡೆಯುವ ಕೊಠಡಿ ಒದಗಿಸತಕ್ಕದ್ದು.

ಎಲೆಯನ್ನು ಏನು ಮಾಡಬೇಕು?

ಮರದ ಬುಡದಲ್ಲಿ ನಾಲ್ಕು ಬೆರಳು ದಪ್ಪಕ್ಕೆ ಹರಡಿದರೆ ಎಲೆ ಬೇಸಿಗೆಯಲ್ಲಿ ನೆಲದ ತೇವವನ್ನು ಹಿಡಿದಿಡುತ್ತದೆ. ಹೆಚ್ಚಾದುದನ್ನು ಕಬ್ಬಿಣದ ಬಲೆಯ ಗೂಡಿನಲ್ಲಿ ತುಂಬಿ, ಪದರಗಳ ನಡುವೆ ಸಗಣಿ ನೀರು ಅಥವಾ ಅಡುಗೆಮನೆಯ ಹಸಿ ಕಸ ಸೇರಿಸಿ, ಹಿಂಡಿದ ಬಟ್ಟೆಯಷ್ಟು ತೇವವಿರುವಂತೆ ನೋಡಿಕೊಂಡು ತಿಂಗಳಿಗೊಮ್ಮೆ ಮಗುಚಿದರೆ ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಒಣ ಎಲೆಯೊಂದನ್ನೇ ತುಂಬಿಟ್ಟು ನೀರು ಹಾಕದೆ ಬಿಟ್ಟವರು ವರ್ಷ ಕಳೆದರೂ ಎಲೆಯಾಗಿಯೇ ಉಳಿದಿದೆ ಎಂದು ದೂರುವುದುಂಟು. ಎಲೆಯಲ್ಲಿ ಇಂಗಾಲ ಹೆಚ್ಚಿ ಸಾರಜನಕ ಕಡಿಮೆಯಿರುವುದೇ ಅದಕ್ಕೆ ಕಾರಣ, ಸಗಣಿಯು ಆ ಕೊರತೆಯನ್ನು ತುಂಬುತ್ತದೆ. ಜಾಗವಿಲ್ಲದವರು ಎಲೆಯನ್ನು ಗೋಣಿಚೀಲದಲ್ಲಿ ಕಟ್ಟಿ ಬೇರೆಯಾಗಿ ಕಸದ ಗಾಡಿಗೆ ನೀಡಬೇಕು.

ರಸ್ತೆಬದಿಯ ಮರದ ಬುಡದಲ್ಲಿಯೇ ಎಲೆ ಗುಡ್ಡೆ ಮಾಡಿ ಸುಡುವುದು ಮತ್ತೊಂದು ಅಪರಾಧಕ್ಕೆ ಎಡೆಮಾಡುತ್ತದೆ. ತೊಗಟೆಯ ಕೆಳಗಿನ ಜೀವಂತ ಪದರ ಒಂದು ಸುತ್ತು ಬೆಂದರೆ ಮರ ಸಾಯುತ್ತದೆ. ಮರ ಕಡಿಯಲು ಅನುಮತಿ ಕಡ್ಡಾಯಗೊಳಿಸಿರುವ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಉದ್ದೇಶವನ್ನು ಬೆಂಕಿಯ ಮೂಲಕ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಕೆರೆಯಂಗಳಗಳ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ. 2018ರ ಜನವರಿಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ಅಂಚಿನ ಒಣಹುಲ್ಲಿಗೆ ಬಿದ್ದ ಬೆಂಕಿಯನ್ನು ನಂದಿಸಲು ಸೇನೆಯ ಯೋಧರು ನೆರವಾಗಬೇಕಾಯಿತು.

ಗ್ರಾಮಾಂತರ ಪ್ರದೇಶ: ಹೊಲ, ಗದ್ದೆ, ತೋಟ

ದೆಹಲಿಯ ಸುತ್ತಲಿನ ರಾಜ್ಯಗಳಲ್ಲಿ ಪೈರಿನ ಕೂಳೆ ಸುಡುವವರಿಗೆ ಜಮೀನಿನ ವಿಸ್ತೀರ್ಣಕ್ಕೆ ಅನುಗುಣವಾಗಿ ವಿಧಿಸುವ ಪರಿಹಾರ ಮೊತ್ತವನ್ನು 2024ರ ನವೆಂಬರ್‌ನಲ್ಲಿ ಇಮ್ಮಡಿಗೊಳಿಸಲಾಯಿತು. ಎರಡು ಎಕರೆಗಿಂತ ಕಡಿಮೆ ಇದ್ದವರಿಗೆ 5,000, ಎರಡರಿಂದ ಐದು ಎಕರೆಯವರಿಗೆ 10,000, ಅದಕ್ಕೂ ಹೆಚ್ಚಿದ್ದವರಿಗೆ 30,000 ರೂಪಾಯಿ. ಈ ಸುದ್ದಿಯನ್ನು ಓದಿದ ರಾಜ್ಯದ ರೈತರು ತಮಗೂ ಇದು ಅನ್ವಯವೆಂದು ಭಾವಿಸಿರುವುದುಂಟು. ಆ ನಿಯಮಗಳು ರಾಷ್ಟ್ರ ರಾಜಧಾನಿ ಪ್ರದೇಶ ಮತ್ತು ಅದರ ನೆರೆಯ ಪ್ರದೇಶಗಳಿಗೆ ಮಾತ್ರ ಸೀಮಿತವಾಗಿದ್ದು ಕರ್ನಾಟಕಕ್ಕೆ ಅನ್ವಯಿಸುವುದಿಲ್ಲ. ಆದರೆ ಹೊಲದಲ್ಲಿ ಹಚ್ಚಿದ ಬೆಂಕಿ ಹೊಲದಲ್ಲಿಯೇ ಉಳಿಯದಿದ್ದರೆ ಮುಂದೆ ವಿವರಿಸಿರುವ ದಂಡ ಕಾನೂನು ಮತ್ತು ಅರಣ್ಯ ಕಾನೂನುಗಳು ಪೂರ್ಣವಾಗಿ ಅನ್ವಯಿಸುತ್ತವೆ.

ಕರ್ನಾಟಕದಲ್ಲಿ ಭತ್ತದ ಮತ್ತು ರಾಗಿಯ ಹುಲ್ಲು ದನಗಳಿಗೆ ಮೇವಾಗಿ ಬಣವೆ ಸೇರುವುದರಿಂದ ಉತ್ತರದ ರಾಜ್ಯಗಳ ಮಾದರಿಯ ಸಮಸ್ಯೆ ಇಲ್ಲಿ ಕಡಿಮೆ. ಇಲ್ಲಿನ ಮುಖ್ಯ ಸಮಸ್ಯೆ ಕಬ್ಬಿನದು. ಕಟಾವಿನ ನಂತರ ಉಳಿಯುವ ರವದಿಯನ್ನು, ಮಂಡ್ಯ ಭಾಗದಲ್ಲಿ ತರಗು ಎನ್ನುವುದನ್ನು, ಕೂಲಿಯಾಳು ಸಿಗದ ಕಾರಣ ಮತ್ತು ಕೂಳೆ ಬೆಳೆಗೆ ಬೇಗ ನೀರು ಹಾಯಿಸುವ ಆತುರದಿಂದ ಸುಡಲಾಗುತ್ತದೆ. ರವದಿ ಸುಟ್ಟಾಗ ಅದರಲ್ಲಿದ್ದ ಸಾರಜನಕ ಮತ್ತು ಗಂಧಕದ ಬಹುಪಾಲು ಗಾಳಿ ಸೇರುತ್ತದೆ, ಮೇಲ್ಮಣ್ಣಿನ ಸೂಕ್ಷ್ಮಜೀವಿಗಳು ಸಾಯುತ್ತವೆ. ಯಂತ್ರದಿಂದ ಪುಡಿಮಾಡಿ ಸಾಲು ಬಿಟ್ಟು ಸಾಲಿಗೆ ಹರಡಿದಲ್ಲಿ ನೀರಿನ ಖರ್ಚೂ ಕಳೆಯೂ ಕಡಿಮೆಯಾಗುತ್ತದೆ. ರವದಿ ಪುಡಿ ಮಾಡುವ ಯಂತ್ರದ ಬಾಡಿಗೆ ಮತ್ತು ಸಹಾಯಧನದ ಬಗ್ಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.

ಮಲೆನಾಡು ಮತ್ತು ಅರೆಮಲೆನಾಡಿನಲ್ಲಿ ಅಡಿಕೆ ಸುಲಿದ ಸಿಪ್ಪೆಯನ್ನು ರಸ್ತೆಬದಿಗೆ ಸುರಿದು ಬೆಂಕಿಯಿಡುವ ಪದ್ಧತಿ ಬೆಳೆದಿದೆ. ಸಿಪ್ಪೆ ನಾರಿನಿಂದ ಕೂಡಿರುವುದರಿಂದ ಮೇಲೆ ಬೂದಿ ಕಂಡರೂ ಒಳಗೆ ದಿನಗಟ್ಟಲೆ ಕನಲುತ್ತಿರುತ್ತದೆ. ದಟ್ಟ ಹೊಗೆಯಿಂದ ಎದುರಿನ ವಾಹನ ಕಾಣದೆ ಅಪಘಾತದ ಸಂಭವವಿರುತ್ತದೆ. ರಸ್ತೆಬದಿಯ ಭೂಮಿ ಸಾರ್ವಜನಿಕ ಸ್ವತ್ತಾದುದರಿಂದ ಇದು ಸುಡುವುದಕ್ಕೂ ಮೊದಲು, ಸುರಿಯುವ ಹಂತದಲ್ಲಿಯೇ ಉಲ್ಲಂಘನೆಯಾಗುತ್ತದೆ. ಗ್ರಾಮ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ ಇಂತಹ ಪ್ರಕರಣಗಳನ್ನು ತಿಳಿಸಬಹುದು. ಕರಾವಳಿಯಲ್ಲಿ ಸೊಪ್ಪು ಸದೆಯ ಮೇಲೆ ಮಣ್ಣು ಮುಚ್ಚಿ ಸುಡುಮಣ್ಣು ಮಾಡುವ ರೂಢಿಯೂ ಹೀಗೆಯೇ ಒಳಗೊಳಗೆ ಉರಿಯುವಂಥದು; ಇದನ್ನು ಕಾವಲಿಲ್ಲದೆ ಬಿಡಬಾರದು.

ಹಬ್ಬ ಮತ್ತು ಆಚರಣೆಗಳು

ಸಂಕ್ರಾಂತಿಯಂದು ದನಗಳಿಗೆ ಕಿಚ್ಚು ಹಾಯಿಸುವುದು, ಹೋಳಿಯ ಕಾಮದಹನ, ಜಾತ್ರೆಗಳ ಕೊಂಡ ಇವು ಕಸ ಸುಡುವ ನಿಷೇಧದ ವ್ಯಾಪ್ತಿಗೆ ಸೇರುವುದಿಲ್ಲ. ಆದರೆ ಕಾಮನ ಗುಡ್ಡೆಗೆ ಟೈರ್, ಹಳೆಯ ಹಾಸಿಗೆ, ಪ್ಲಾಸ್ಟಿಕ್ ಹಾಕಿದರೆ ಅದು ತ್ಯಾಜ್ಯ ಸುಟ್ಟಂತೆಯೇ. ಸಂಕ್ರಾಂತಿಯ ವೇಳೆಗೆ ಕಣಗಳಲ್ಲಿ ಬಣವೆಗಳು ಎದ್ದಿರುತ್ತವೆ. ಕಿಚ್ಚಿನ ಜಾಗವು ಬಣವೆ ಮತ್ತು ವಿದ್ಯುತ್ ತಂತಿಗಳಿಂದ ದೂರವಿರುವಂತೆಯೂ, ಬೆದರಿದ ದನ ಓಡಿದರೂ ಜನರ ಮೇಲೆ ಹಾಯದಂತೆಯೂ ಹಿರಿಯರು ಮುಂಚಿತವಾಗಿ ನೋಡಿಕೊಳ್ಳುವುದು ಒಳಿತು.

ಅರಣ್ಯ ಮತ್ತು ಅರಣ್ಯದಂಚು

ಇಲ್ಲಿ ಕಾನೂನು ಅತಿ ಕಠಿಣವಾಗಿದೆ. ಕರ್ನಾಟಕ ಅರಣ್ಯ ಅಧಿನಿಯಮ, 1963ರ 24ನೇ ಪ್ರಕರಣದಂತೆ ಮೀಸಲು ಅರಣ್ಯಕ್ಕೆ ಬೆಂಕಿ ಹಚ್ಚುವುದಷ್ಟೇ ಅಲ್ಲ, ಅರಣ್ಯಕ್ಕೆ ಅಪಾಯವಾಗುವ ರೀತಿಯಲ್ಲಿ ಬೆಂಕಿಯನ್ನು ಉರಿಯುತ್ತಿರುವಂತೆ ಬಿಟ್ಟುಹೋಗುವುದೂ ಅಪರಾಧ. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 30ನೇ ಪ್ರಕರಣವು ಅಭಯಾರಣ್ಯಗಳಲ್ಲಿ ಇದನ್ನೇ ನಿಷೇಧಿಸುತ್ತದೆ. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯ. ಅದೇ ಅಧಿನಿಯಮದ 27ನೇ ಪ್ರಕರಣ ಹೆಚ್ಚು ಜನರಿಗೆ ತಿಳಿದಿಲ್ಲ. ಅಭಯಾರಣ್ಯದೊಳಗೆ ವಾಸಿಸುವ ಪ್ರತಿಯೊಬ್ಬರೂ ತಮ್ಮ ಗಮನಕ್ಕೆ ಬಂದ ಬೆಂಕಿಯನ್ನು ನಂದಿಸಲು, ಸಮೀಪದ ಬೆಂಕಿ ಹರಡದಂತೆ ತಡೆಯಲು ಬದ್ಧರೆಂದು ಅದು ಹೇಳುತ್ತದೆ. ಅಂದರೆ ಬೆಂಕಿಯನ್ನು ಕಂಡೂ ಸುಮ್ಮನಿರುವುದು ಅಲ್ಲಿ ಕರ್ತವ್ಯಲೋಪ.

ಶುಷ್ಕ ಎಲೆಯುದುರುವ ಕಾಡುಗಳಲ್ಲಿ ಬೆಂಕಿ ಸಾಮಾನ್ಯವಾಗಿ ಮರದ ತುದಿಗೆ ಏರುವುದಿಲ್ಲ. ನೆಲದ ತರಗು ಮತ್ತು ಹುಲ್ಲಿನ ಮೇಲೆ ಹರಿಯುತ್ತದೆ. ಲಂಟಾನ ಪೊದೆಗಳು ದಟ್ಟವಾಗಿ ಬೆಳೆದಲ್ಲಿ ಮಾತ್ರ ಅದು ಏಣಿ ಹತ್ತಿದಂತೆ ಮೇಲೇರುತ್ತದೆ. ಇಳಿಜಾರಿನಲ್ಲಿ ಬೆಂಕಿ ಕೆಳಗಿನಿಂದ ಮೇಲಕ್ಕೆ ವೇಗವಾಗಿ ಓಡುತ್ತದೆ. ಇಳಿಜಾರು ಹತ್ತು ಡಿಗ್ರಿ ಹೆಚ್ಚಿದಂತೆಲ್ಲ ವೇಗ ಸುಮಾರು ಇಮ್ಮಡಿಯಾಗುತ್ತದೆಂಬುದು ಬೆಂಕಿ ತಜ್ಞರ ಸ್ಥೂಲ ಲೆಕ್ಕ. ಗುಡ್ಡದ ಬುಡದಲ್ಲಿರುವ ಹೊಲದ ಬದುವಿಗೆ ಹಚ್ಚಿದ ಬೆಂಕಿ ಏಕೆ ಅಷ್ಟು ಅಪಾಯಕಾರಿ ಎಂಬುದು ಇದರಿಂದ ತಿಳಿಯುತ್ತದೆ.

ಅರಣ್ಯ ಇಲಾಖೆಯು ಬೇಸಿಗೆಗೆ ಮುನ್ನ, ಇಬ್ಬನಿ ಬೀಳುವ ದಿನಗಳಲ್ಲಿಯೇ, ರಸ್ತೆ ಮತ್ತು ಗಡಿಗಳ ಉದ್ದಕ್ಕೂ ಪಟ್ಟಿಯಾಗಿ ಹುಲ್ಲು ಕಡಿದು ಸುಟ್ಟು ಬೆಂಕಿ ರೇಖೆಗಳನ್ನು ನಿರ್ಮಿಸುತ್ತದೆ. ಇಲಾಖೆಯೇ ಸುಡುತ್ತಿರುವಾಗ ನಮಗೇಕೆ ನಿಷೇಧ ಎಂದು ಗ್ರಾಮಸ್ಥರು ಕೇಳುವುದುಂಟು. ಈ ಪ್ರಶ್ನೆ ನಿರಾಧಾರವೇನಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಆರಂಭದಲ್ಲಿಯೇ, ನೆಲದಲ್ಲಿ ತೇವವಿರುವಾಗ, ತರಗು ಬೆಂಕಿ ಎಂಬ ಹಗುರವಾದ ಬೆಂಕಿಯನ್ನು ಹಾಕುತ್ತಿದ್ದರು. 1974ರಲ್ಲಿ ಅಲ್ಲಿ ಅಭಯಾರಣ್ಯ ಘೋಷಣೆಯಾದ ಮೇಲೆ ಆ ಪದ್ಧತಿ ನಿಂತಿತು. ಅದು ನಿಂತದ್ದರಿಂದಲೇ ಲಂಟಾನ ಹಬ್ಬಿತು, ಮರಗಳ ಮೇಲಿನ ಬಂದಳಿಕೆ ಹೆಚ್ಚಿತು ಎಂಬುದು ಸೋಲಿಗರ ಅಭಿಪ್ರಾಯವಾಗಿದ್ದು, ಸಂಶೋಧಕರೂ ಅದನ್ನು ಅಧ್ಯಯನಕ್ಕೆ ಎತ್ತಿಕೊಂಡಿದ್ದಾರೆ. ಆದರೆ ಸೋಲಿಗರ ತರಗು ಬೆಂಕಿಗೆ ಕಾಲ, ಜಾಗ, ಕಾವಲು ಎಲ್ಲವೂ ಗೊತ್ತಾಗಿರುತ್ತಿತ್ತು; ಮಾರ್ಚ್ ತಿಂಗಳ ಮಧ್ಯಾಹ್ನ ಹಸಿ ಹುಲ್ಲು ಚಿಗುರಲೆಂದು ಎಸೆದು ಹೋಗುವ ಬೆಂಕಿಕಡ್ಡಿಗೂ ಅದಕ್ಕೂ ಹೋಲಿಕೆಯಿಲ್ಲ. ಪ್ರಸ್ತುತ ಕಾನೂನಿನಂತೆ ಅರಣ್ಯದೊಳಗೆ ಇಲಾಖೆಯ ಹೊರತು ಯಾರೂ ಬೆಂಕಿ ಹಾಕುವಂತಿಲ್ಲ. ಅರಣ್ಯ ಹಕ್ಕು ಕಾಯಿದೆ, 2006ರಂತೆ ಹಕ್ಕು ಪಡೆದವರಿಗೆ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ ಹಕ್ಕಿದ್ದು, ಅರಣ್ಯ ರಕ್ಷಣೆಯ ಹೊಣೆಯೂ ಅದೇ ಕಾಯಿದೆಯಲ್ಲಿದೆ.

ಅರಣ್ಯದಂಚಿನ ಜಮೀನಿನವರು ಸುಡಲೇಬೇಕಾದ ಸಂದರ್ಭ ಬಂದಲ್ಲಿ ಮುಂಚಿತವಾಗಿ ಗಸ್ತು ಅರಣ್ಯ ಪಾಲಕರಿಗೆ ಅಥವಾ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ತಿಳಿಸಬೇಕೆಂದು ಕೋರಲಾಗಿದೆ. ಉಪಗ್ರಹಗಳು ದಿನಕ್ಕೆ ಹಲವು ಬಾರಿ ಹಾದುಹೋಗುವಾಗ ನೆಲದ ಶಾಖವನ್ನು ಗುರುತಿಸುತ್ತವೆ ಮತ್ತು ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯಿಂದ ಕ್ಷೇತ್ರ ಸಿಬ್ಬಂದಿಗೆ ಎಚ್ಚರಿಕೆ ಸಂದೇಶ ಬರುತ್ತದೆ. ಈ ಚಿತ್ರಗಳ ಒಂದೊಂದು ಚೌಕವೂ ಉತ್ತಮ ಪಕ್ಷದಲ್ಲಿ 375 ಮೀಟರ್ ಅಗಲದ್ದಾದುದರಿಂದ ಸಂದೇಶ ಬಂದಾಗ ಉರಿಯುತ್ತಿರುವುದು ಕಾಡೋ ಕಾಡಿನ ಪಕ್ಕದ ಹೊಲವೋ ಎಂದು ತಿಳಿಯುವುದು ಕಷ್ಟ. ಮುಂಚಿತವಾಗಿ ತಿಳಿಸಿದ್ದರೆ ಸಿಬ್ಬಂದಿ ಇಲ್ಲದ ಬೆಂಕಿಯ ಹಿಂದೆ ಓಡುವುದು ತಪ್ಪುತ್ತದೆ.

ಚಾರಣಿಗರು ಮತ್ತು ಪ್ರವಾಸಿಗರು ಅರಣ್ಯದಲ್ಲಿ ಅಡುಗೆ ಮಾಡುವುದು, ಶಿಬಿರಾಗ್ನಿ ಹಾಕುವುದು, ಬೀಡಿ ಸಿಗರೇಟು ಸೇದುವುದು ನಿಷಿದ್ಧ. ಕುಮಾರ ಪರ್ವತದಂತಹ ಮಾರ್ಗಗಳನ್ನು ಬೇಸಿಗೆಯಲ್ಲಿ ಮುಚ್ಚುವುದು ಸಸ್ಯಸಂಪತ್ತಿನ ದೃಷ್ಟಿಯಿಂದ ಮಾತ್ರವಲ್ಲ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಹುಲ್ಲುಗಾವಲಿನ ಬೆಂಕಿಗೆ ಸಿಲುಕಿದ ಚಾರಣಿಗರಲ್ಲಿ 20ಕ್ಕೂ ಹೆಚ್ಚು ಮಂದಿ ಸ್ಥಳದಲ್ಲಿ ಮತ್ತು ಆಸ್ಪತ್ರೆಗಳಲ್ಲಿ ಮೃತಪಟ್ಟರು.

ಬೆಂಕಿ ಕೈಮೀರಿದರೆ ಹೊಣೆ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 287ನೇ ಪ್ರಕರಣದಂತೆ (ಹಿಂದಿನ ದಂಡ ಸಂಹಿತೆಯ 285), ಇತರರ ಪ್ರಾಣಕ್ಕೆ ಅಪಾಯವಾಗುವಂತೆ ಬೆಂಕಿಯನ್ನು ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಬಳಸಿದವರಿಗೆ ಆರು ತಿಂಗಳವರೆಗೆ ಕಾರಾಗೃಹ ವಾಸ ಅಥವಾ 2,000 ರೂಪಾಯಿವರೆಗೆ ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದು. ತನ್ನ ವಶದಲ್ಲಿರುವ ಬೆಂಕಿಗೆ ತಕ್ಕಷ್ಟು ಕಾವಲು ಮಾಡದಿರುವುದೂ ಇದರಲ್ಲಿ ಸೇರಿದೆ. ಉದ್ದೇಶಪೂರ್ವಕವಾಗಿ ಬೆಂಕಿಯಿಟ್ಟು ಬೆಳೆ ಅಥವಾ ಸ್ವತ್ತಿಗೆ ಹಾನಿ ಮಾಡಿದಲ್ಲಿ 326ನೇ ಪ್ರಕರಣದಂತೆ ಏಳು ವರ್ಷಗಳವರೆಗೆ, ವಾಸದ ಮನೆ ಸುಟ್ಟಲ್ಲಿ ಜೀವಾವಧಿಯವರೆಗೆ ಶಿಕ್ಷೆಗೆ ಅವಕಾಶವಿದೆ. ನೆರೆಯವರ ಬಣವೆ, ತೋಟ, ಹನಿ ನೀರಾವರಿ ಕೊಳವೆ ಸುಟ್ಟುಹೋದಲ್ಲಿ ಸಿವಿಲ್ ನ್ಯಾಯಾಲಯದಲ್ಲಿ ನಷ್ಟ ಪರಿಹಾರ ಕೋರಬಹುದು. ನಷ್ಟಕ್ಕೊಳಗಾದವರು ಬೂದಿ ತೆಗೆಯುವ ಮೊದಲೇ ಪೊಲೀಸ್ ಠಾಣೆಗೆ ದೂರು ನೀಡಿ, ಗ್ರಾಮ ಆಡಳಿತ ಅಧಿಕಾರಿಯಿಂದ ಮಹಜರು ಮಾಡಿಸಿಕೊಂಡು, ಅಗ್ನಿಶಾಮಕ ಠಾಣೆಯವರು ಬಂದಿದ್ದಲ್ಲಿ ಅವರ ವರದಿಯ ಪ್ರತಿಯನ್ನು ಪಡೆದಿಟ್ಟುಕೊಳ್ಳಬೇಕು.

ಸುರಕ್ಷತೆಯ ಬಗ್ಗೆ

ನಿಷೇಧವಿಲ್ಲದ ಕಡೆ ಬೆಂಕಿ ಹಾಕುವವರು ಗಾಳಿಯಿಲ್ಲದ ಹೊತ್ತನ್ನು ಆರಿಸಿಕೊಂಡು, ಸುತ್ತಲೂ ಮಣ್ಣು ಕಾಣುವಂತೆ ಹುಲ್ಲು ಕೆರೆದು, ನೀರು ಮತ್ತು ಹಸಿ ಸೊಪ್ಪಿನ ರೆಂಬೆಗಳನ್ನು ಕೈಗೆಟಕುವಂತೆ ಇಟ್ಟುಕೊಳ್ಳಬೇಕು. ಮಧ್ಯಾಹ್ನ ಬೆಂಕಿ ಹಾಕಬಾರದು. ಹೆಚ್ಚಿನ ಅವಘಡಗಳು ಸುಡುವಾಗ ಅಲ್ಲ, ಆರಿತೆಂದು ಮನೆಗೆ ಹೋದ ಮೇಲೆ ಆಗುತ್ತವೆ. ಹಳೆಯ ಮರದ ಮೋಟು ಮತ್ತು ಬೇರುಗಳೊಳಗೆ ಕೆಂಡ ಒಂದೆರಡು ದಿನ ಉಳಿದು, ಗಾಳಿ ಎದ್ದಾಗ ಮತ್ತೆ ಹೊತ್ತಿಕೊಳ್ಳುತ್ತದೆ. ಬೂದಿಯನ್ನು ಕೆದಕಿ ನೀರು ಹಾಕಿ, ಮತ್ತೆ ಕೆದಕಿ, ಅಂಗೈಯ ಹಿಂಬದಿಯನ್ನು ಸಮೀಪ ಹಿಡಿದಾಗ ಬಿಸಿ ತಗಲದಿದ್ದರೆ ಮಾತ್ರ ಆರಿದೆಯೆಂದು ತಿಳಿಯಬೇಕು.

ಹುಲ್ಲಿನ ಬೆಂಕಿಗೆ ಸಿಲುಕಿದವರು ಗುಡ್ಡದ ಮೇಲಕ್ಕೆ ಓಡಬಾರದು. ಆಗಲೇ ಸುಟ್ಟು ಕಪ್ಪಾಗಿರುವ ನೆಲ, ಬಂಡೆ ಅಥವಾ ಉತ್ತ ಹೊಲವನ್ನು ಸೇರಿಕೊಳ್ಳಬೇಕು. ನಂದಿಸಲು ಹೋಗುವವರು ಹತ್ತಿಯ ಬಟ್ಟೆ ಧರಿಸಿರಬೇಕು. ಪಾಲಿಯೆಸ್ಟರ್ ಬಟ್ಟೆ ಕರಗಿ ಮೈಗೆ ಅಂಟುತ್ತದೆ. ಒಬ್ಬರೇ ಹೋಗಬಾರದು. ಒಣಹುಲ್ಲಿನ ಮೇಲೆ ವಾಹನ ನಿಲ್ಲಿಸುವುದನ್ನೂ, ರಸ್ತೆಯಲ್ಲಿ ಒಕ್ಕಣೆಗೆ ಹರಡಿದ ಹುರುಳಿ, ರಾಗಿ ಹುಲ್ಲಿನ ಮೇಲೆ ಕಾರು ಓಡಿಸುವುದನ್ನೂ ತಪ್ಪಿಸಬೇಕು. ಹುಲ್ಲು ಅಡಿಭಾಗಕ್ಕೆ ಸುತ್ತಿಕೊಂಡು ಸೈಲೆನ್ಸರ್‌ನ ಶಾಖಕ್ಕೆ ಹೊತ್ತಿಕೊಳ್ಳುತ್ತದೆ.

ಮಾಹಿತಿ ಮತ್ತು ದೂರು

ಬೆಂಕಿ ಅವಘಡ ಕಂಡಲ್ಲಿ 112 ಅಥವಾ 101 ಸಂಖ್ಯೆಗೆ, ಅರಣ್ಯದ ಬೆಂಕಿಯಾದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು. ಕರೆ ಮಾಡುವವರು ಊರಿನ ಹೆಸರಿನ ಜೊತೆಗೆ ಸಮೀಪದ ಕೆರೆ, ದೇವಸ್ಥಾನ ಅಥವಾ ಮೈಲಿಗಲ್ಲು, ಬೆಂಕಿ ಯಾವ ದಿಕ್ಕಿಗೆ ಚಲಿಸುತ್ತಿದೆ, ವಾಹನ ಎಲ್ಲಿಯವರೆಗೆ ಬರಬಹುದು ಎಂಬುದನ್ನು ತಿಳಿಸಬೇಕು. ಅಗ್ನಿಶಾಮಕ ವಾಹನಗಳು ಕಿರಿದಾದ ಬಂಡಿದಾರಿಯಲ್ಲಿ ಹೋಗಲಾರವು. ಕಸ ಸುಡುವ ಬಗ್ಗೆ ದೂರನ್ನು ನಗರಗಳಲ್ಲಿ ಆಯಾ ಪಾಲಿಕೆ ಅಥವಾ ಪುರಸಭೆಯ ಆರೋಗ್ಯ ನಿರೀಕ್ಷಕರಿಗೆ ಇಲ್ಲವೇ ಪರಿಸರ ಇಂಜಿನಿಯರ್‌ಗೆ, ಗ್ರಾಮಗಳಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಕೈಗಾರಿಕಾ ತ್ಯಾಜ್ಯವಾದಲ್ಲಿ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಸಲ್ಲಿಸತಕ್ಕದ್ದು. ದೂರಿನಲ್ಲಿ ಸ್ಥಳ, ದಿನಾಂಕ, ಸಮಯ ಮತ್ತು ಸಾಧ್ಯವಾದಲ್ಲಿ ಛಾಯಾಚಿತ್ರ ಇರಬೇಕು. ಪದೇ ಪದೇ ಒಂದೇ ಜಾಗದಲ್ಲಿ ಸುಡುತ್ತಿದ್ದಲ್ಲಿ ಆ ಸಂಗತಿಯನ್ನು ಹಿಂದಿನ ದಿನಾಂಕಗಳೊಂದಿಗೆ ಬರೆಯಬೇಕು. ಅಂತಹ ಜಾಗಕ್ಕೆ ಕಸದ ಗಾಡಿ ಬರುತ್ತಿಲ್ಲವೆಂಬುದೇ ಅನೇಕ ವೇಳೆ ಅದರ ಮೂಲ ಕಾರಣವಾಗಿರುವುದರಿಂದ, ಗಾಡಿ ಬರುವ ವೇಳೆಯ ಬಗ್ಗೆಯೂ ಅದೇ ದೂರಿನಲ್ಲಿ ಕೇಳಬಹುದಾಗಿದೆ.